ಕಂಪ್ಯೂಟರ್ ಎಲ್ಲಿಗೆ ಬಂದು ನಿಂತಿತು?

ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು, ಕ್ಯಾಬಿನೆಟ್ಟಿನ ಮುಂದಿನ ಪುಟ್ಟ ದೀಪ ಹೊತ್ತಿತು. ಮಾನಿಟರ್ ಮಾತ್ರ ಕಪ್ಪಗೇ ಉಳಿಯಿತು. ಎರಡು ಸೆಕೆಂಡಿಗೆ ಫ್ಯಾನ್ ನಿಂತಿತು, ತಾನಾಗಿಯೇ ಮತ್ತೆ ತಿರುಗಿತು, ಮತ್ತೆ ನಿಂತಿತು. ನಿನ್ನೆ ರಾತ್ರಿಯವರೆಗೆ ಸರಿಯಾಗಿದ್ದ ಡೆಸ್ಕ್‌ಟಾಪ್ ಹೀಗೆ ಹಟ ಹಿಡಿದು ಕೂತಾಗ ಮನಸ್ಸು ಮೊದಲು ಕೇಳುವುದು, ‘ಏನು ಕೆಟ್ಟಿದೆ?’ ಎಂದು. ಆ ಪ್ರಶ್ನೆಗೆ ಉತ್ತರಗಳು ನೂರಾರು. ‘ಎಲ್ಲಿಯವರೆಗೆ ಬಂದು ನಿಂತಿತು?’ ಎಂದು ಕೇಳಿ ನೋಡಿ, ಉತ್ತರಗಳು ಬೆರಳೆಣಿಕೆಗೆ ಇಳಿಯುತ್ತವೆ. ಕಂಪ್ಯೂಟರ್ ಒಮ್ಮೆಲೇ ಎದ್ದು ಕೂರುವುದಿಲ್ಲ. ಒಂದು ಭಾಗ ‘ನಾನು ಸರಿಯಾಗಿದ್ದೇನೆ’ ಎಂದ ಮೇಲಷ್ಟೇ ಮುಂದಿನ ಭಾಗ ಕಣ್ಣು ಬಿಡುತ್ತದೆ.

ಗುಂಡಿಯಿಂದಲೇ ಆರಂಭಿಸೋಣ. ಅದು ಗೋಡೆಯ ಮೇಲಿನ ದೀಪದ ಸ್ವಿಚ್ಚಿನಂಥದ್ದಲ್ಲ, ವಿದ್ಯುತ್ ಅದರ ಮೂಲಕ ಹರಿದು ಯಂತ್ರಕ್ಕೆ ಹೋಗುವುದಿಲ್ಲ. ಅದರ ಹಿಂದೆ ಇರುವುದು, ಎಲ್ಲ ಭಾಗಗಳನ್ನೂ ಕೂಡಿಸುವ ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ಹೋಗುವ ಎರಡು ಸಣ್ಣ ತಂತಿಗಳು. ನಾವು ಆಫ್ ಮಾಡಿದ್ದೇವೆ ಎಂದುಕೊಂಡಾಗಲೂ ಪ್ಲಗ್ ಸಿಕ್ಕಿಸಿರುವವರೆಗೆ, ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ 5 ವೋಲ್ಟಿನ ಸಣ್ಣ ಪ್ರವಾಹವೊಂದನ್ನು ಮದರ್‌ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಆ ಬಲದಲ್ಲಿ ಒಂದು ಪುಟ್ಟ ಸರ್ಕೀಟು ಗುಂಡಿಯನ್ನು ಕಾಯುತ್ತಿರುತ್ತದೆ. ಒತ್ತಿದ ಸುದ್ದಿ ಮುಟ್ಟಿದ ಕೂಡಲೇ ಮದರ್‌ಬೋರ್ಡ್ ಎಸ್‌ಎಂಪಿಎಸ್ಸಿಗೆ ಸಂಕೇತ ಕೊಡುತ್ತದೆ. ಆಗ 12, 5 ಮತ್ತು 3.3 ವೋಲ್ಟುಗಳ ಮುಖ್ಯ ಸರಬರಾಜು ಶುರುವಾಗುತ್ತದೆ. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಎಂಬ ಮಾನದಂಡದಿಂದ ಈ ವ್ಯವಸ್ಥೆ ರೂಢಿಗೆ ಬಂತು.

ಹಾಗಾಗಿ ಗುಂಡಿ ಒತ್ತಿದರೂ ಫ್ಯಾನ್ ಇಲ್ಲ, ದೀಪ ಇಲ್ಲ, ಸದ್ದೇ ಇಲ್ಲ ಎಂದಾದರೆ ಹುಡುಕಬೇಕಾದ ದಾರಿ ಬಹಳ ಚಿಕ್ಕದು: ಗೋಡೆಯ ಸಾಕೆಟ್, ವಿದ್ಯುತ್ ಕೇಬಲ್, ಎಸ್‌ಎಂಪಿಎಸ್‌ನ ಬೆನ್ನಿನಲ್ಲಿರುವ ಸ್ವಿಚ್, ಎಸ್‌ಎಂಪಿಎಸ್, ಗುಂಡಿಯ ತಂತಿ, ಕೊನೆಗೆ ಮದರ್‌ಬೋರ್ಡ್. ಗುಂಡಿಯ ಮೇಲೆ ಗುಮಾನಿ ಇದ್ದರೆ ಅದರ ತಂತಿಗಳನ್ನು ಮದರ್‌ಬೋರ್ಡಿನಿಂದ ಬಿಡಿಸಿ, ಆ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಬಹುದು. ಯಂತ್ರ ಎದ್ದರೆ ಕೆಟ್ಟಿದ್ದು ಗುಂಡಿ ಮಾತ್ರ. ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗಿನ ದೊಡ್ಡ ಕಪಾಸಿಟರ್ 300 ವೋಲ್ಟಿಗೂ ಹೆಚ್ಚಿನ ಒತ್ತಡವನ್ನು ಹಿಡಿದಿಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ಈ ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗುವುದಿಲ್ಲ.

ಫ್ಯಾನ್ ತಿರುಗಿದ ಮಾತ್ರಕ್ಕೆ ಪ್ರೊಸೆಸರ್ ಕೆಲಸ ಶುರುಮಾಡಿದೆ ಎಂದಲ್ಲ. ಎಸ್‌ಎಂಪಿಎಸ್ ತನ್ನ ವೋಲ್ಟೇಜುಗಳು ಸ್ಥಿರವಾದ ಮೇಲೆ, ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ, ‘ವಿದ್ಯುತ್ ಸರಿಯಿದೆ’ ಎಂಬ ಇನ್ನೊಂದು ಸಂಕೇತ ಕಳಿಸುತ್ತದೆ. ಅದು ಬರುವವರೆಗೆ ಪ್ರೊಸೆಸರನ್ನು ಅಲುಗಾಡದಂತೆ ತಡೆದಿಟ್ಟಿರಲಾಗುತ್ತದೆ. ಬಿಟ್ಟ ಮೇಲೆ ಅದಕ್ಕೆ ಗೊತ್ತಿರುವುದು ಒಂದೇ ಒಂದು ವಿಳಾಸ. ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅದು ಮೆಮೊರಿ ವಿಳಾಸಗಳ 4 ಜಿಬಿ ಗಡಿಗಿಂತ ಸರಿಯಾಗಿ 16 ಬೈಟ್ ಕೆಳಗಿನ ಜಾಗ. ಅಲ್ಲಿ ಕಾದಿರುವುದು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿಟ್ಟ, ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಫರ್ಮ್‌ವೇರ್. ಬಯೋಸ್ ಎಂದು ಜನ ಈಗಲೂ ಕರೆಯುವುದು ಇದನ್ನೇ, ಹೊಸ ಯಂತ್ರಗಳಲ್ಲಿ ಇರುವುದು ಅದರ ಉತ್ತರಾಧಿಕಾರಿ ಯುಇಎಫ್‌ಐ.

ನನಗೆ ಈ ಕಥೆಯಲ್ಲಿ ಅತ್ಯಂತ ಸೋಜಿಗವೆನಿಸುವ ಗಳಿಗೆ ಇದು. ಕೆಲಸದ ಹೊತ್ತಿನ ಮಾಹಿತಿಯನ್ನು ಇಟ್ಟುಕೊಳ್ಳುವ ರ‍್ಯಾಮ್ ಕಡ್ಡಿ ಸ್ಲಾಟಿನಲ್ಲಿ ಕೂತಿದೆ, ಆದರೆ ಇನ್ನೂ ಬಳಸಲು ಬರುವುದಿಲ್ಲ. ಅದರ ವೇಗವೇನು, ಗಾತ್ರವೇನು ಎಂದು ಕಂಡುಕೊಂಡು ಹೊಂದಿಸುವುದೇ ಫರ್ಮ್‌ವೇರಿನ ಮೊದಲ ದೊಡ್ಡ ಕೆಲಸ. ಅಲ್ಲಿಯತನಕ ಇಂಥ ಯಂತ್ರಗಳಲ್ಲಿ ಅದು ಪ್ರೊಸೆಸರಿನೊಳಗಿನ ಪುಟ್ಟ ಕ್ಯಾಶ್ ಮೆಮೊರಿಯನ್ನೇ ರ‍್ಯಾಮ್‌ನಂತೆ ಬಳಸಿಕೊಂಡು ಕಾಲ ಹಾಕುತ್ತದೆ. ಪರದೆಯೂ ಇನ್ನೂ ಎದ್ದಿಲ್ಲ. ಇಲ್ಲಿ ಎಡವಟ್ಟಾದರೆ ಅದನ್ನು ಬರೆದು ತೋರಿಸಲು ಜಾಗವೇ ಇಲ್ಲ. ಬೀಪ್ ಸದ್ದುಗಳು ಹುಟ್ಟಿದ್ದು ಈ ಅಸಹಾಯಕತೆಯಿಂದ. ಎಷ್ಟು ಬೀಪ್, ಉದ್ದವೋ ಗಿಡ್ಡವೋ ಎಂಬುದರ ಅರ್ಥ ಒಬ್ಬೊಬ್ಬ ತಯಾರಕರಲ್ಲಿ ಒಂದೊಂದು, ಮದರ್‌ಬೋರ್ಡಿನ ಕೈಪಿಡಿಯಲ್ಲೇ ನೋಡಬೇಕು. ಈಚಿನ ಹಲವು ಬೋರ್ಡುಗಳಲ್ಲಿ ಬೀಪಿನ ಬದಲು ಸಿಪಿಯು (ಪ್ರೊಸೆಸರ್), ಡಿರ‍್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕಿನಿಂದ ಆರಂಭ) ಎಂಬ ನಾಲ್ಕು ಸಣ್ಣ ಎಲ್‌ಇಡಿಗಳಿರುತ್ತವೆ. ಯಾವುದು ಆರದೆ ಉಳಿಯಿತೋ ಯಂತ್ರ ಅಲ್ಲಿಗೆ ಬಂದು ನಿಂತಿದೆ.

ನನ್ನ ಡೆಸ್ಕ್‌ಟಾಪ್ ನಿಂತು ನಿಂತು ಏಳುತ್ತಿದ್ದ ಆ ದಿನ ಮಾಡಿದ್ದನ್ನು ಹೇಳುತ್ತೇನೆ. ಪ್ಲಗ್ ಕಿತ್ತು, ಉಳಿದ ವಿದ್ಯುತ್ ಇಳಿದುಹೋಗಲೆಂದು ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದೆ. ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಚಿಪ್ಪುಗಳಿಗೆ ತಾಗದಿರಲೆಂದು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದೆ. ಆಮೇಲೆ ಎರಡೂ ರ‍್ಯಾಮ್ ಕಡ್ಡಿಗಳನ್ನು ತೆಗೆದಿಟ್ಟು, ರ‍್ಯಾಮ್ ಇಲ್ಲದೆಯೇ ಪ್ಲಗ್ ಹಾಕಿ ಯಂತ್ರ ಆನ್ ಮಾಡಿದೆ. ಉದ್ದುದ್ದ ಬೀಪ್‌ಗಳು ಕೇಳಿಸಿದವು. ದೂರು ಕೇಳಿ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ‘ರ‍್ಯಾಮ್ ಎಲ್ಲಿ?’ ಎಂದು ಕೇಳಬೇಕಾದರೆ ವಿದ್ಯುತ್ ಸರಿಯಿರಬೇಕು, ಪ್ರೊಸೆಸರ್ ಜೀವಂತವಿರಬೇಕು, ಫರ್ಮ್‌ವೇರ್ ಕೆಡದೆ ಇರಬೇಕು. ಒಂದೇ ಪರೀಕ್ಷೆಯಲ್ಲಿ ಮೂರು ಗುಮಾನಿಗಳು ಕಳೆದವು.

ಉಳಿದದ್ದು ರ‍್ಯಾಮ್ ಮತ್ತು ಅದರ ಸ್ಲಾಟ್. ಕಡ್ಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಡಿಡಿಆರ್4 ಎಂಬ ತಲೆಮಾರಿನ ರ‍್ಯಾಮ್ ಕಡ್ಡಿಯ ಅಂಚಿನಲ್ಲಿ ಎರಡೂ ಬದಿ ಸೇರಿ 288 ಚಿನ್ನದ ಲೇಪದ ಪಟ್ಟಿಗಳಿರುತ್ತವೆ. ಒಂದರ ಅಂಚಿನಲ್ಲಿ ನಾಲ್ಕೈದು ಪಟ್ಟಿಗಳ ಮೇಲೆ ಮಂಜು ಕವಿದಂತೆ ಮಸುಕು ಕಾಣಿಸಿತು. ಹಿಂದೆ ಯಾವಾಗಲೋ ಬೆರಳು ತಾಗಿ ಅಂಟಿದ ಜಿಡ್ಡಿಗೆ ದೂಳು ಕೂತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒಣಗಿಸಿ, ಪ್ಲಗ್ ಕಿತ್ತಿರುವುದನ್ನು ಮತ್ತೊಮ್ಮೆ ನೋಡಿಕೊಂಡು, ಕೊಂಡಿ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿದೆ. ಮೊದಲು ಒಂದೇ ಕಡ್ಡಿ, ಅದು ಎದ್ದ ಮೇಲೆ ಎರಡನೆಯದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕೆಂಬ ನಿಯಮವನ್ನು ಮುರಿದರೆ, ರಿಪೇರಿ ಆದರೂ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ.

ಹೊಸ ಡಿಡಿಆರ್5 ರ‍್ಯಾಮ್ ಹಾಕಿದವರು ಇನ್ನೊಂದು ಸಂಗತಿ ತಿಳಿದಿರಬೇಕು. ಅದನ್ನು ಮೊದಲ ಸಲ ಹೊಂದಿಸಲು ಫರ್ಮ್‌ವೇರಿಗೆ ಕೆಲವೊಮ್ಮೆ ಹಲವು ನಿಮಿಷ ಬೇಕು. ಅಷ್ಟು ಹೊತ್ತೂ ಪರದೆ ಕಪ್ಪಗಿರುತ್ತದೆ. ಗಾಬರಿಯಿಂದ ಮಧ್ಯದಲ್ಲೇ ಆಫ್ ಮಾಡಿದರೆ ಆ ಕೆಲಸ ಮತ್ತೆ ಮೊದಲಿನಿಂದ.

ತಂಪಾಗಿರುವಾಗ ಏಳದೆ, ನಾಲ್ಕಾರು ಸಲ ಒತ್ತಿದ ಮೇಲೆ ಏಳುವ ಹಳೆಯ ಯಂತ್ರವಾದರೆ ಮದರ್‌ಬೋರ್ಡಿನ ಪುಟ್ಟ ಡಬ್ಬಿಗಳಂಥ ಕಪಾಸಿಟರುಗಳನ್ನು ನೋಡಿ. ಚಪ್ಪಟೆಯಾಗಿರಬೇಕಾದ ತಲೆ ಉಬ್ಬಿದ್ದರೆ, ಕಂದು ರಸ ಒಸರಿದ್ದರೆ ಅದರ ಆಯಸ್ಸು ಮುಗಿದಿದೆ. 2000ದ ದಶಕದ ಆರಂಭದಲ್ಲಿ ದೋಷವಿದ್ದ ಎಲೆಕ್ಟ್ರೊಲೈಟ್ ತುಂಬಿದ ಕಪಾಸಿಟರುಗಳಿಂದಾಗಿ ಜಗತ್ತಿನ ಅಸಂಖ್ಯ ಮದರ್‌ಬೋರ್ಡುಗಳು ಹೀಗೆಯೇ ಸತ್ತವು.

ಗಡಿಯಾರ ಪ್ರತಿಸಲ ಹಳೆಯ ವರ್ಷಕ್ಕೆ ಹೋಗಿ ನಿಲ್ಲುತ್ತಿದ್ದರೆ ತಪ್ಪು ಸಿಆರ್2032 ಎಂಬ ನಾಣ್ಯದಂಥ 3 ವೋಲ್ಟ್ ಬ್ಯಾಟರಿಯದು. ತಾರೀಖು ತಪ್ಪಿದರೆ ಜಾಲತಾಣಗಳ ಸುರಕ್ಷತಾ ಪ್ರಮಾಣಪತ್ರಗಳ ಅವಧಿ ತಾಳೆಯಾಗುವುದಿಲ್ಲ, ಬ್ರೌಸರ್ ಎಲ್ಲ ತಾಣಗಳನ್ನೂ ಅಪಾಯಕಾರಿ ಎನ್ನುತ್ತದೆ. ವೈರಸ್ ಬಂದಿದೆ ಎಂದು ಜನ ತಲೆ ಕೆಡಿಸಿಕೊಳ್ಳುವುದು ಇಂಥದ್ದಕ್ಕೇ.

ಪರದೆಯ ಮೇಲೆ ಲಾಂಛನ ಮೂಡಿತು, ಕೀಲಿ ಒತ್ತಿದರೆ ಬಯೋಸ್ ಪುಟ ತೆರೆಯಿತು ಎಂದರೆ ಸ್ಕ್ರೂಡ್ರೈವರನ್ನು ಬದಿಗಿಡಬಹುದು. ವಿದ್ಯುತ್, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಎಲ್ಲವೂ ಇಲ್ಲಿಯವರೆಗೆ ನಡೆದುಬಂದಿವೆ. ಇನ್ನುಳಿದದ್ದು ಡಿಸ್ಕಿನಿಂದ ಆಪರೇಟಿಂಗ್ ಸಿಸ್ಟಂ ಎತ್ತಿಕೊಳ್ಳುವುದು. ‘ಬೂಟ್ ಡಿವೈಸ್ ಸಿಗಲಿಲ್ಲ’ ಎಂಬ ಸಂದೇಶ ಬಂದರೆ ಸಿಕ್ಕಿಸಿಟ್ಟು ಮರೆತ ಪೆನ್‌ಡ್ರೈವ್ ಇದೆಯೇ ಎಂದು ಮೊದಲು ನೋಡಿ. ಆಮೇಲೆ ಬಯೋಸ್ ಪುಟದಲ್ಲಿ ಡಿಸ್ಕಿನ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಕೇಬಲ್ ಸಡಿಲವಾಗಿರಬಹುದು, ಡಿಸ್ಕೇ ಹೋಗಿರಬಹುದು. ಹೆಸರಿದ್ದೂ ವಿಂಡೋಸ್ ಏಳದಿದ್ದರೆ ಬಹಳಷ್ಟು ಸಲ ಕೆಟ್ಟಿರುವುದು ತಂತ್ರಾಂಶ.

ಇಂಥ ಹೊತ್ತಿನಲ್ಲಿ ಅವಸರಪಟ್ಟು ವಿಂಡೋಸನ್ನು ಹೊಸದಾಗಿ ಹಾಕಿ, ವರ್ಷಗಟ್ಟಲೆಯ ಫೋಟೋಗಳನ್ನು ಕಳೆದುಕೊಂಡವರನ್ನು ಕಂಡಿದ್ದೇನೆ. ಅವರ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ. ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸ್ ಒಂದನ್ನು ಬೂಟ್ ಮಾಡಿ, ಬೇಕಾದ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡ ಮೇಲಷ್ಟೇ ಉಳಿದ ಪ್ರಯತ್ನ. ಹಳೆಯ ಹಾರ್ಡ್ ಡಿಸ್ಕಿನಿಂದ ‘ಟಕ್ ಟಕ್’ ಎಂದು ಒಂದೇ ಲಯದ ಸದ್ದು ಬರುತ್ತಿದ್ದರೆ ಅದನ್ನೂ ಮಾಡದೆ ತಕ್ಷಣ ಆಫ್ ಮಾಡಿ. ಒಳಗೆ ಓದುವ ಹೆಡ್ ತನ್ನ ಜಾಗ ಹುಡುಕಲಾಗದೆ ಹಿಂದಕ್ಕೆ ಮುಂದಕ್ಕೆ ಹೊಡೆದುಕೊಳ್ಳುತ್ತಿದೆ. ಪ್ರತಿ ಸಲ ಆನ್ ಮಾಡಿದಾಗಲೂ ಅದು ತಟ್ಟೆಯ ಮೇಲ್ಮೈಯನ್ನು ಇನ್ನಷ್ಟು ಗೀರಬಹುದು. ಹಾಗೆ ಗೀರಿಹೋದ ಜಾಗದಲ್ಲಿದ್ದದ್ದನ್ನು ದತ್ತಾಂಶ ಮರಳಿ ತೆಗೆಯುವ ಪರಿಣತರೂ ತಂದುಕೊಡಲಾರರು.