39 ಕಿಲೋ ಇಳಿದ ಮೇಲೆ ಮತ್ತೆ ಕುದುರೆಯ ಮೇಲೆ

"ಮೇಡಂ, ಈಗ ನಾನು ಕುದುರೆಗೆ ಭಾರ ಆಗಲ್ಲ ಅಲ್ವಾ?"

ಕ್ಲಿನಿಕ್‌ಗೆ ಬಂದ ಮೊದಲ ದಿನ, ಕುರ್ಚಿಯಲ್ಲಿ ಕೂರುವ ಮೊದಲೇ ಅವರು ಕೇಳಿದ್ದು ಇದನ್ನು. ವಯಸ್ಸು 44. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯ ಕುದುರೆ ವಿಭಾಗವಾದ ರಿಮೌಂಟ್ ಆ್ಯಂಡ್ ವೆಟರ್ನರಿಯಲ್ಲಿ ಸವಾರಿ ಕಲಿತವರು. ಆಮೇಲೆ ಕೆಲಸ, ಸಂಸಾರ, ರಾತ್ರಿ ಪಾಳಿ. ತೂಕ 118 ಕಿಲೋ ಮುಟ್ಟಿತು. ಮಧ್ಯದಲ್ಲೊಮ್ಮೆ ಆಸೆಯಿಂದ ಒಂದು ಸವಾರಿ ಶಾಲೆಗೆ ಹೋಗಿದ್ದರಂತೆ. ನಾಲ್ಕು ಜನರ ಮುಂದೆ ತೂಕ ಕೇಳಿ, "ನಮ್ಮ ಕುದುರೆ ನಿಮ್ಮನ್ನು ಹೊರಲ್ಲ" ಅಂದು ಕಳಿಸಿದರಂತೆ. ಆ ಮಾತು ಅವರೊಳಗೆ ಹಾಗೇ ಕೂತಿತ್ತು. ಒಂದೂವರೆ ವರ್ಷದ ಹಿಂದೆ, ತೂಕ ಇಳಿಸಲು ಜಠರವನ್ನು ಚಿಕ್ಕದು ಮಾಡುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಈಗ 79 ಕಿಲೋ. ಬೇರೆ ಶಾಲೆಗೆ ಸೇರಿ ಎರಡು ಕ್ಲಾಸ್ ಆಗಿತ್ತು. ಬೆನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದರು.

ನಾನು ಫಿಸಿಯೋಥೆರಪಿಸ್ಟ್. ಬೆಂಗಳೂರಿನಲ್ಲಿ ಸವಾರರ ಬೆನ್ನು, ಮಂಡಿ, ಸೊಂಟ ನೋಡುತ್ತಾ ಹಲವು ವರ್ಷ ಆಯಿತು. ತೂಕ ಇಳಿಸಿ ಕುದುರೆಗೆ ಮರಳುವವರು ಈಗೀಗ ಜಾಸ್ತಿ ಬರುತ್ತಿದ್ದಾರೆ. ಕೆಲವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಕೆಲವರು ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡವರು, ಕೆಲವರು ಊಟ ಮತ್ತು ವ್ಯಾಯಾಮದಿಂದಲೇ ಇಳಿಸಿದವರು. ದಾರಿ ಬೇರೆ ಬೇರೆ. ಪ್ರಶ್ನೆ ಮಾತ್ರ ಇದೇ.

ಮೊದಲು ಲೆಕ್ಕ ನೋಡೋಣ. ಕುದುರೆಯ ಸ್ವಂತ ತೂಕದ ಶೇ 20ಕ್ಕಿಂತ ಜಾಸ್ತಿ ಹೊರಿಸಬಾರದು ಎಂಬುದು ಸವಾರರಲ್ಲಿ ಬಹಳ ಹಿಂದಿನಿಂದ ಬಂದ ಅಳತೆ. ಇದರಲ್ಲಿ ಸವಾರ ಮಾತ್ರವಲ್ಲ, ಜೀನು, ಬೂಟು, ಹೆಲ್ಮೆಟ್ ಎಲ್ಲವೂ ಸೇರುತ್ತವೆ. ನಮ್ಮೂರಿನ ಶಾಲೆಗಳಲ್ಲಿ ರೇಸ್ ಬಿಟ್ಟು ಬಂದ ಥರೋಬ್ರೆಡ್ ಕುದುರೆಗಳೇ ಬಹಳ. ಅಂಥ ಒಂದು ಕುದುರೆ 450 ಕಿಲೋ ಇದೆ ಅಂದುಕೊಳ್ಳಿ. ಶೇ 20 ಅಂದರೆ 90 ಕಿಲೋ. ಜೀನು, ಸಾಮಾನಿಗೆ 10 ಕಿಲೋ ಕಳೆದರೆ ಸವಾರನಿಗೆ ಉಳಿಯುವುದು 80. ಇವರು ಒಂದೇ ಒಂದು ಕಿಲೋ ಅಂತರದಲ್ಲಿ ಒಳಗೆ ಬರುತ್ತಾರೆ. ಅದೇ 380 ಕಿಲೋ ತೂಗುವ, ಗುಜರಾತಿನ ಕಾಠಿಯಾವಾಡಿ ತಳಿಯ ಕುದುರೆ ಆದರೆ ಮಿತಿ 76 ಕಿಲೋ. ಅದಕ್ಕೆ ಇವರು ಇವತ್ತಿಗೂ ಭಾರವೇ. ಹಾಗಾಗಿ ಕುದುರೆಯ ತೂಕ ಕೇಳದೆ ಸವಾರನ ತೂಕದ ಬಗ್ಗೆ ಮಾತಾಡುವುದರಲ್ಲಿ ಅರ್ಥವಿಲ್ಲ. ವಯಸ್ಸಾದ ಅಥವಾ ಬೆನ್ನು ನೋವಿರುವ ಕುದುರೆಗೆ ಶೇ 20 ಕೂಡ ಬೇಡ.

ಲೆಕ್ಕ ಅಷ್ಟೇ. ಅವರ ತೊಂದರೆ ಬೇರೆಯೇ ಇತ್ತು. ಫೋನಿನಲ್ಲಿ ಹೆಂಡತಿ ತೆಗೆದ ವಿಡಿಯೋ ತೋರಿಸಿದರು. ಕುದುರೆ ಸುಮ್ನೆ ನಡೆಯುತ್ತಿದೆ, ಓಡುತ್ತಲೂ ಇಲ್ಲ. ಆದರೂ ಇವರು ಜೀನಿನ ಮೇಲೆ ಕೂತೇ ಇಲ್ಲ. ಮಂಡಿಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಒಂದೆರಡು ಇಂಚು ಮೇಲೆ ತೇಲುತ್ತಿದ್ದಾರೆ. ಭುಜ ಕಿವಿಯ ಹತ್ತಿರ. ಉಸಿರು ಬಿಗಿ. ಕುದುರೆ ಕತ್ತು ಎತ್ತಿ, ಬೆನ್ನು ಕೆಳಗೆ ತಗ್ಗಿಸಿ, ಕಿವಿ ಹಿಂದಕ್ಕೆ ಮಾಡಿಕೊಂಡು ನಡೆಯುತ್ತಿದೆ.

"ಯಾಕೆ ಸರ್, ಕೂರಬಹುದಲ್ಲ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪೂರ್ತಿ ಕೂತರೆ ಅದಕ್ಕೆ ನೋವಾಗುತ್ತೆ ಅನಿಸುತ್ತೆ ಮೇಡಂ" ಅಂದರು.

ತಕ್ಕಡಿ 79 ಅನ್ನುತ್ತಿದೆ. ದೇಹ ಇನ್ನೂ 118 ಅಂದುಕೊಂಡೇ ಬದುಕುತ್ತಿದೆ. ಇದು ಮನಸ್ಸಿನ ಮಾತು ಮಾತ್ರ ಅಲ್ಲ. ವರ್ಷಾನುಗಟ್ಟಲೆ ದೊಡ್ಡ ಹೊಟ್ಟೆ ಹೊತ್ತವರು ಅದನ್ನು ಸರಿದೂಗಿಸಲು ಎದೆಯನ್ನು ಹಿಂದಕ್ಕೆ ವಾಲಿಸಿ, ಕೆಳಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ನಿಲ್ಲುತ್ತಾರೆ. ಹೊಟ್ಟೆ ಕರಗುತ್ತದೆ, ಆ ಬಿಲ್ಲು ಹಾಗೇ ಉಳಿಯುತ್ತದೆ. ಕುದುರೆಯ ಮೇಲೆ ಅದೇ ಬಗ್ಗಿದ ಬೆನ್ನು ಪ್ರತಿ ಹೆಜ್ಜೆಗೂ ಪೆಟ್ಟು ತಿನ್ನುತ್ತದೆ. ಇವರ ಬೆನ್ನು ನೋವಿನ ಮೂಲ ಅಲ್ಲಿತ್ತು. ಜೊತೆಗೆ ಪೃಷ್ಠದ ಕೊಬ್ಬಿನ ಮೆತ್ತೆ ಹೋಗಿರುತ್ತದೆ. ನಾವು ಕೂರುವ ಎರಡು ಮೂಳೆಗಳು ಈಗ ನೇರವಾಗಿ ಜೀನಿಗೆ ತಾಗುತ್ತವೆ. ಅದು ನಿಜಕ್ಕೂ ನೋಯುತ್ತದೆ. ಕೆಲವು ವಾರ ಬೇಕು ಅದಕ್ಕೆ ಒಗ್ಗಲು.

ತೂಕವನ್ನು ಬಚ್ಚಿಡಲು ಹೋದಷ್ಟೂ ಕುದುರೆಗೆ ಕಷ್ಟ ಜಾಸ್ತಿ. ಮಂಡಿ ಒತ್ತಿ ಮೇಲೆದ್ದ ಸವಾರ ಎಷ್ಟು ಹೊತ್ತು ಹಾಗೇ ಇರಲು ಸಾಧ್ಯ? ಸುಸ್ತಾಗಿ ಧೊಪ್ಪೆಂದು ಬೀಳುತ್ತಾನೆ, ಮತ್ತೆ ಏಳುತ್ತಾನೆ. ಕುದುರೆ ಟ್ರಾಟ್ (ಕುಲುಕುತ್ತಾ ಹೋಗುವ ನಿಧಾನ ಓಟ) ಹಾಕಿದಾಗ ಕೂತಿರುವ ಸವಾರನಿಂದ ಅದರ ಬೆನ್ನಿಗೆ ಬೀಳುವ ಒತ್ತಡ ಅವನ ತೂಕದ ಸುಮಾರು ಎರಡು ಪಟ್ಟು ಆಗುತ್ತದೆ. ಲಯ ತಪ್ಪಿ ಕುಕ್ಕರಿಸುವ 79 ಕಿಲೋ ಬಹಳ ಕೆಟ್ಟ ಹೊರೆ. ಒಂದೇ ಜಾಗದಲ್ಲಿ ಹದವಾಗಿ ಕೂತ ತೂಕವನ್ನು ಕುದುರೆ ತಾಳಿಕೊಳ್ಳುತ್ತದೆ, ಅದರಿಂದ ಸವಾರನ ಮಾತನ್ನೂ ತಿಳಿದುಕೊಳ್ಳುತ್ತದೆ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರ ಕಥೆಯನ್ನು ನಾನು ಇಲ್ಲಿ ಹೇಳಲೇಬೇಕು. ಪೋಲಿಯೋದಿಂದ ಅವರಿಗೆ ಮಂಡಿಯಿಂದ ಕೆಳಗೆ ಬಲವೇ ಇರಲಿಲ್ಲ. ಕುದುರೆ ಹತ್ತಲೂ ಇಳಿಯಲೂ ಬೇರೆಯವರ ಸಹಾಯ ಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜೂಬಿಲಿ ಎಂಬ ಕುದುರೆಯ ಮೇಲೆ ಡ್ರೆಸಾಜ್‌ನಲ್ಲಿ, ಅಂದರೆ ಸವಾರನ ಸೂಕ್ಷ್ಮ ಸೂಚನೆಗೆ ಕುದುರೆ ಹೆಜ್ಜೆ ಹಾಕುವ ಸ್ಪರ್ಧೆಯಲ್ಲಿ, ಬೆಳ್ಳಿ ಗೆದ್ದರು. ಕೆಳಗಾಲಿನಿಂದ ಹೇಳಲಾಗದ್ದನ್ನು ಸೊಂಟದಿಂದ, ತೂಕದಿಂದ ಹೇಳಿದರು. ನನ್ನ ಈ ಸವಾರರಿಗೆ ಇದನ್ನು ಹೇಳಿದಾಗ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷ ತೂಕ ಅಂದರೆ ನಾಚಿಕೆ ಅಂದುಕೊಂಡವರು ಅವರು.

ಆದರೂ ಅವರನ್ನು ನಾನು ತಕ್ಷಣ ಕುದುರೆಗೆ ಕಳಿಸಲಿಲ್ಲ. ಪರೀಕ್ಷೆಯಲ್ಲಿ ಇನ್ನೊಂದು ವಿಷಯ ಸಿಕ್ಕಿತ್ತು. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಲು ಹೇಳಿದೆ. ಎಡಪಾದದ ಮುಂಭಾಗ ನಾಲ್ಕನೇ ಹೆಜ್ಜೆಗೇ ಕೆಳಗೆ ಬಿತ್ತು.

ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಗುಂಡನೆಯ ಮೂಳೆ ಕೈಗೆ ಸಿಗುತ್ತದೆ. ಅದರ ಕೆಳಗೆ ಬಳಸಿಕೊಂಡು ಪೆರೋನಿಯಲ್ ನರ ಹೋಗುತ್ತದೆ. ಪಾದವನ್ನು ಮೇಲಕ್ಕೆತ್ತಿಸುವುದು ಈ ನರ. ಅಲ್ಲಿ ಅದು ಚರ್ಮದ ಕೆಳಗೇ ಇರುತ್ತದೆ, ಸ್ವಲ್ಪ ಕೊಬ್ಬೇ ಅದಕ್ಕೆ ಕಾವಲು. ತೂಕ ಬೇಗ ಇಳಿದರೆ ಆ ಕೊಬ್ಬೂ ಹೋಗುತ್ತದೆ. ಆಗ ಕಾಲ ಮೇಲೆ ಕಾಲು ಹಾಕಿ ಕೂತರೂ ಸಾಕು, ನರ ಅಮುಕಿ ಪಾದ ಸೋಲುತ್ತದೆ. ವೈದ್ಯರು ಇದನ್ನು ಸ್ಲಿಮ್ಮರ್ಸ್ ಪಾಲ್ಸಿ ಅನ್ನುತ್ತಾರೆ. ಸವಾರರಿಗೆ ಇದು ಎರಡು ಪಟ್ಟು ಅಪಾಯ. ಎತ್ತರದ ಬೂಟಿನ ಮೇಲಂಚು ಸರಿಯಾಗಿ ಅದೇ ಜಾಗದಲ್ಲಿ ಒತ್ತುತ್ತದೆ. ಪಾದ ಎತ್ತಲು ಬರದಿದ್ದರೆ ಹಿಮ್ಮಡಿ ಕೆಳಗಿಟ್ಟು ಕೂರಲು ಆಗುವುದಿಲ್ಲ. ಜೀನಿನಿಂದ ನೇತಾಡುವ, ಪಾದ ಇಡುವ ಬಳೆಯಾದ ಸ್ಟಿರಪ್ಪಿನೊಳಗೆ ಪಾದ ಪೂರ್ತಿ ಜಾರಿಬಿಡಬಹುದು. ಬಿದ್ದಾಗ ಕಾಲು ಅಲ್ಲೇ ಸಿಕ್ಕಿಕೊಂಡರೆ ಕುದುರೆ ಎಳೆದುಕೊಂಡು ಹೋಗುತ್ತದೆ. ಇದಕ್ಕಿಂತ ನಾನು ಹೆದರುವುದು ಬೇರೆ ಯಾವುದಕ್ಕೂ ಇಲ್ಲ.

ಅವರನ್ನು ನರರೋಗ ತಜ್ಞರ ಹತ್ತಿರ ಕಳಿಸಿದೆ. ಆಫೀಸಿನಲ್ಲಿ ದಿನವಿಡೀ ಎಡಗಾಲನ್ನು ಬಲಗಾಲ ಮೇಲೆ ಹಾಕಿಕೊಂಡು ಕೂರುವ ಅಭ್ಯಾಸ ಇತ್ತು. ಅದನ್ನು ಬಿಡಿಸಿದೆವು. ವ್ಯಾಯಾಮ ಕೊಟ್ಟೆ. ಕೆಲವು ವಾರಗಳಲ್ಲಿ ಪಾದ ಸರಿಹೋಯಿತು. ಬೇಗ ಗೊತ್ತಾದರೆ ಹೀಗೆ ವಾಪಸ್ ಬರುವುದೇ ಹೆಚ್ಚು. ತೂಕ ಇಳಿಸಿದ ಪ್ರತಿ ಸವಾರರೂ ಮನೆಯಲ್ಲಿ ಈ ಹಿಮ್ಮಡಿ ನಡಿಗೆ ಮಾಡಿ ನೋಡಿ, ದಯವಿಟ್ಟು.

ಪಾದ ಜುಮ್ಮೆನ್ನುತ್ತಿದ್ದರೆ ಅದಕ್ಕೆ ವಿಟಮಿನ್ ಬಿ12 ಕೊರತೆಯೂ ಕಾರಣ ಇರಬಹುದು. ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಇದು ಆಗಾಗ ಕಾಣುತ್ತದೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಮೊದಲೇ ಕಡಿಮೆ ಇರುತ್ತದೆ. ಪಾದ ಎಲ್ಲಿದೆ ಎಂದು ಮೆದುಳಿಗೆ ತಿಳಿಯದಿದ್ದರೆ ಸ್ಟಿರಪ್ ತಪ್ಪಿದ್ದೂ ಗೊತ್ತಾಗುವುದಿಲ್ಲ.

ಮೂಳೆಯ ವಿಷಯ ಯಾರೂ ಕೇಳುವುದಿಲ್ಲ. ಅದೇ ನನಗೆ ಬೇಸರ. ತೂಕ ತುಂಬಾ ಇಳಿದಾಗ, ಅದರಲ್ಲೂ ಶಸ್ತ್ರಚಿಕಿತ್ಸೆಯ ನಂತರ, ಮೂಳೆಯ ಸಾಂದ್ರತೆಯೂ ಇಳಿಯುತ್ತದೆ. ಕುದುರೆಯಿಂದ ಬೀಳದ ಸವಾರ ಇಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಬಿದ್ದು ಮಣ್ಣು ಕೊಡವಿಕೊಂಡು ಎದ್ದಿದ್ದೀರಿ. 44ರಲ್ಲಿ ಅದೇ ಬೀಳು ಮಣಿಕಟ್ಟನ್ನೋ ಸೊಂಟವನ್ನೋ ಮುರಿಯಬಹುದು. ಮೂಳೆಯ ಸಾಂದ್ರತೆ ಅಳೆಯುವ ಒಂದು ಡೆಕ್ಸಾ ಸ್ಕ್ಯಾನ್ ಮಾಡಿಸಿ. ವಿಟಮಿನ್ ಡಿ ನೋಡಿಸಿ. ಕ್ಯಾಲ್ಸಿಯಂ ಮಾತ್ರೆಯನ್ನು ನಿಮ್ಮ ವೈದ್ಯರು ಹೇಳಿದಂತೆ ತೆಗೆದುಕೊಳ್ಳಿ, ಮಧ್ಯೆ ಬಿಡಬೇಡಿ.

ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಒಂದಷ್ಟು ಹೋಗಿರುತ್ತದೆ. ನಾನು ಅವರಿಗೆ ಹತ್ತು ವಾರ ಕೊಟ್ಟೆ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು. ಒಂಟಿ ಕಾಲಲ್ಲಿ ನಿಲ್ಲುವುದು, ಆಮೇಲೆ ಅದನ್ನೇ ಕಣ್ಣು ಮುಚ್ಚಿ. ದೊಡ್ಡ ಚೆಂಡಿನ ಮೇಲೆ ಕೂತು ಆ ಎರಡು ಮೂಳೆಗಳನ್ನು ಹುಡುಕುವುದು, ಭಾರವನ್ನು ಎಡಕ್ಕೆ, ಬಲಕ್ಕೆ ನಿಧಾನವಾಗಿ ಬಿಡುವುದು. ಕೊನೆಯದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು ಎಂದು ಆಹಾರ ತಜ್ಞರು ಬರೆದುಕೊಟ್ಟಿದ್ದರು. ಇವರು ಮುದ್ದೆ, ಸೊಪ್ಪಿನ ಸಾರು ನೆಚ್ಚಿಕೊಂಡಿದ್ದರು. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಪ್ರೋಟೀನ್ 100 ಗ್ರಾಂ ಹಿಟ್ಟಿಗೆ ಸುಮಾರು 7 ಗ್ರಾಂ ಮಾತ್ರ. ಮೊಟ್ಟೆ, ಪನೀರ್, ಮೊಳಕೆ ಕಾಳಿನ ಉಸಲಿ ಸೇರಿಸಿದ ಮೇಲೆ ಕಾಲಿಗೆ ಕಸುವು ಬಂತು.

ಇಲ್ಲಿನ ಕ್ಲಾಸ್‌ಗಳು ಬೆಳಗ್ಗೆ ಆರಕ್ಕೇ ಶುರು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಸಕ್ಕರೆ ಹಾಕಿದ ಕಾಫಿ ಕುಡಿದು ಹತ್ತುವುದೂ ಬೇಡ. ಶಸ್ತ್ರಚಿಕಿತ್ಸೆ ಆದವರಲ್ಲಿ ಸಿಹಿ ತಿಂದ ಒಂದೆರಡು ಗಂಟೆಗೆ ಸಕ್ಕರೆ ಅಂಶ ಇದ್ದಕ್ಕಿದ್ದಂತೆ ಕುಸಿದು ತಲೆ ಸುತ್ತಬಹುದು. ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಹಳೆಯ ತೂಕಕ್ಕೆ ಬರೆದಿದ್ದಾಗಿದ್ದರೆ ವೈದ್ಯರಿಗೆ ತೋರಿಸಿ ಬದಲಿಸಿಕೊಳ್ಳಿ. ನೀರನ್ನು ಗುಟುಕು ಗುಟುಕಾಗಿ, ಕ್ಲಾಸ್‌ಗೆ ಒಂದು ಗಂಟೆ ಮೊದಲಿನಿಂದಲೇ ಕುಡಿಯಿರಿ.

ಸಾಮಾನು ಎಲ್ಲ ಹೊಸದಾಗಿ ಅಳೆಯಬೇಕು. ಹಳೆಯ ಹೆಲ್ಮೆಟ್ ತಲೆ ಅಲ್ಲಾಡಿಸಿದರೆ ತಿರುಗುತ್ತದೆಯಾ ನೋಡಿ, ತಿರುಗಿದರೆ ಬೇರೆ ತೆಗೆದುಕೊಳ್ಳಿ. ಸ್ಟಿರಪ್ಪಿನ ಪಟ್ಟಿಗೆ ಹಳೆಯ ತೂತು ಲೆಕ್ಕಕ್ಕಿಲ್ಲ. ಬೆರಳ ತುದಿಯನ್ನು ಪಟ್ಟಿ ಶುರುವಾಗುವಲ್ಲಿ ಇಟ್ಟು, ಸ್ಟಿರಪ್ ಕಂಕುಳಿಗೆ ಮುಟ್ಟುತ್ತದೆಯಾ ನೋಡಿ ಅಲ್ಲಿಂದ ಶುರು ಮಾಡಿ. ಒಳತೊಡೆಯಲ್ಲಿ ಸಡಿಲ ಚರ್ಮ ಇರುವವರು ಹೊಲಿಗೆ ಇಲ್ಲದ ಬಿಗಿ ಚಡ್ಡಿ ಹಾಕಿಕೊಳ್ಳಿ. ಇಲ್ಲದಿದ್ದರೆ ಅರ್ಧ ಗಂಟೆಯಲ್ಲೇ ಉಜ್ಜಿ ಗಾಯವಾಗುತ್ತದೆ. ಇದನ್ನು ಹೇಳಲು ಬಹಳ ಜನ ಸಂಕೋಚಪಡುತ್ತಾರೆ. ಕಾಲು ಹಗುರಾಗಿದೆ ಅಂತ ನೆಲದಿಂದ ಹಾರಿ ಹತ್ತಲು ಹೋಗಬೇಡಿ. ಹತ್ತಲು ಇಟ್ಟಿರುವ ಕಟ್ಟೆ ಬಳಸಿ. ಕುದುರೆಯ ಬೆನ್ನಿಗೂ ಅದೇ ಒಳ್ಳೆಯದು.

ಹತ್ತು ವಾರ ಮುಗಿದ ಮೇಲೆ ಅವರ ಜೊತೆ ನಾನೂ ಶಾಲೆಗೆ ಹೋದೆ. ತರಬೇತುದಾರರು ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತ ನಡೆಸಿದರು. ಲಗಾಮು ಕೊಡಲಿಲ್ಲ. ಪಕ್ಕದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ನಡೆಯುತ್ತಿದ್ದ. ಮೊದಲ ಎರಡು ಸುತ್ತು ಮತ್ತೆ ಅದೇ ತೇಲಾಟ. "ಸರ್, ಚೆಂಡಿನ ಮೇಲೆ ಬಿಟ್ಟ ಹಾಗೆ ಬಿಡಿ" ಅಂದೆ. ಅವರು ಉಸಿರು ಬಿಟ್ಟರು. ಮಂಡಿ ಸಡಿಲವಾಯಿತು. ಸೊಂಟ ಕುದುರೆಯ ಹೆಜ್ಜೆಗೆ ತಕ್ಕಂತೆ ಅಲುಗತೊಡಗಿತು. ಅರ್ಧ ಸುತ್ತು ಹೋಗುವಷ್ಟರಲ್ಲಿ ಕುದುರೆ ಕತ್ತು ಕೆಳಗಿಳಿಸಿ ಮೂಗಿನಲ್ಲಿ ಒಮ್ಮೆ ದೊಡ್ಡದಾಗಿ ಉಸಿರು ಬಿಟ್ಟಿತು.

"ಅಣ್ಣಾ, ಈಗ ಇವಳಿಗೆ ಹಿತವಾಯ್ತು ನೋಡಿ" ಅಂದ ಸೈಸ್.

ಈಗ ವಾರಕ್ಕೆ ಎರಡು ದಿನ ಹೋಗುತ್ತಾರೆ, ಒಂದು ಸಲಕ್ಕೆ ಮೂವತ್ತು ನಿಮಿಷ. ಟ್ರಾಟ್ ಶುರುವಾಗಿದೆ. ಮೂಳೆಯ ಸಾಂದ್ರತೆ ಸ್ವಲ್ಪ ಕಡಿಮೆ ಬಂದಿರುವುದರಿಂದ ಮುಂದಿನ ಡೆಕ್ಸಾ ಸ್ಕ್ಯಾನ್ ಆಗುವವರೆಗೆ ಜಂಪಿಂಗ್ ಬೇಡ ಅಂದಿದ್ದೇನೆ. ಒಪ್ಪಿಕೊಂಡಿದ್ದಾರೆ.