ಉಬ್ಬರಸೀಳು: ರಾಹುವಿಗಿಂತ ಜರಾಸಂಧನಿಗೆ ಹತ್ತಿರದ ಕತೆ

"ನಕ್ಷತ್ರವನ್ನೇ ನುಂಗಿದ ಕಪ್ಪುಕುಳಿ!" ಇಂಥ ತಲೆಬರಹ ಪತ್ರಿಕೆಯ ಒಳಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಗ್ರಹಣವಾದರೆ ರಾಹು ನುಂಗಿದ ಎಂದು ಕೇಳುತ್ತ ಬೆಳೆದವರು ನಾವು. ಆಕಾಶದಲ್ಲಿ ಏನೇ ಅನಾಹುತವಾದರೂ 'ನುಂಗು' ಎಂಬ ಕ್ರಿಯಾಪದವೇ ಮೊದಲು ನಾಲಿಗೆಗೆ ಬರುತ್ತದೆ. ಆದರೆ ಅದೇ ಸುದ್ದಿಯ ಮೂರನೆಯ ಪ್ಯಾರಾದಲ್ಲಿ ಖಗೋಳ ವಿಜ್ಞಾನಿಗಳು ಇಟ್ಟ ಹೆಸರು ಬೇರೆಯೇ ಇರುತ್ತದೆ: ಟೈಡಲ್ ಡಿಸ್ರಪ್ಷನ್ ಇವೆಂಟ್, ಚಿಕ್ಕದಾಗಿ ಟಿಡಿಇ. ಆ ಹೆಸರಿನಲ್ಲಿ ನುಂಗುವ ಮಾತೇ ಇಲ್ಲ, ಕಪ್ಪುಕುಳಿಯೂ ಇಲ್ಲ. ಇರುವುದು ಕಡಲಿನ ಉಬ್ಬರ ಮತ್ತು ಸೀಳುವ ಕೆಲಸ. 'ಉಬ್ಬರವಿಳಿತ ಜನ್ಯ ವಿಚ್ಛಿದ್ರ ಘಟನೆ' ಎಂದು ಕನ್ನಡಿಸಿದರೆ ಓದುಗರು ಅಲ್ಲೇ ಪುಟ ಮಗುಚುತ್ತಾರೆ. ಹಾಗಾಗಿ ಇಲ್ಲಿ ನನ್ನ ಸ್ವಂತ ಜವಾಬ್ದಾರಿಯಲ್ಲಿ 'ಉಬ್ಬರಸೀಳು' ಎನ್ನುತ್ತೇನೆ.

ಉಬ್ಬರ ಎಂದರೇನೆಂದು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ದಿನಕ್ಕೆ ಎರಡು ಸಲ ಅಳಿವೆಯ ನೀರು ಏರಿ ಇಳಿಯುವುದನ್ನು ಅವರು ಕಂಡೇ ಇದ್ದಾರೆ. ಆದರೆ ಎರಡು ಸಲ ಏಕೆ? ಚಂದ್ರ ನೀರನ್ನು ಎಳೆಯುತ್ತಾನೆ, ಅದಕ್ಕೇ ನೀರು ಏರುತ್ತದೆ ಎಂಬ ಶಾಲೆಯ ಉತ್ತರವಷ್ಟೇ ಆಗಿದ್ದರೆ ಚಂದ್ರನ ಕಡೆ ಮಾತ್ರ ಕಡಲು ಉಬ್ಬಬೇಕಿತ್ತು, ದಿನಕ್ಕೊಂದೇ ಉಬ್ಬರ ಆಗಬೇಕಿತ್ತು. ನಿಜವಾಗಿ ಆಗುವುದು ಹೀಗೆ: ಭೂಮಿಯ ಚಂದ್ರನತ್ತಣ ಬದಿಗೆ ಚಂದ್ರನ ಸೆಳೆತ ಹೆಚ್ಚು, ನಡುವಿಗೆ ಸ್ವಲ್ಪ ಕಡಿಮೆ, ಹಿಂಬದಿಗೆ ಇನ್ನೂ ಕಡಿಮೆ. ಮುಂಬದಿ ಮತ್ತು ಹಿಂಬದಿಗಳ ನಡುವೆ ನೂರಕ್ಕೆ ಸುಮಾರು ಏಳರಷ್ಟು ಅಂತರ. ಮುಂಬದಿಯ ನೀರು ನೆಲವನ್ನು ಬಿಟ್ಟು ಮುಂದಕ್ಕೆ ಹೋಗಲು ನೋಡುತ್ತದೆ, ಹಿಂಬದಿಯ ನೀರು ನೆಲಕ್ಕಿಂತ ಹಿಂದೆ ಉಳಿಯುತ್ತದೆ. ಎರಡೂ ತುದಿ ಉಬ್ಬುತ್ತವೆ.

ಸೂರ್ಯನನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಭೂಮಿಯ ಮೇಲೆ ಸೂರ್ಯನ ಸೆಳೆತ ಚಂದ್ರನ ಸೆಳೆತಕ್ಕಿಂತ ಸುಮಾರು 180 ಪಟ್ಟು ಜಾಸ್ತಿ. ಆದರೂ ಉಬ್ಬರದಲ್ಲಿ ಸೂರ್ಯನ ಪಾಲು ಚಂದ್ರನ ಪಾಲಿನ ಅರ್ಧದಷ್ಟೂ ಇಲ್ಲ. ಸೂರ್ಯ ದೂರದಲ್ಲಿದ್ದಾನೆ, ಅಷ್ಟು ದೂರದಿಂದ ಭೂಮಿಯ ಎರಡೂ ಬದಿಗಳನ್ನು ಹೆಚ್ಚುಕಡಿಮೆ ಸಮನಾಗಿ ಎಳೆಯುತ್ತಾನೆ. ಉಬ್ಬರವನ್ನು ಹುಟ್ಟಿಸುವುದು ಸೆಳೆತದೊಳಗಿನ ತಾರತಮ್ಯ. ಈ ತಾರತಮ್ಯ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಹತ್ತಿರವಾದರೆ ಅದೇ ಲೆಕ್ಕದಲ್ಲಿ ಹಿಗ್ಗುತ್ತದೆ: ದೂರ ಅರ್ಧವಾದರೆ ಉಬ್ಬರ ಎಂಟು ಪಟ್ಟು.

ಈಗ ಭೂಮಿಯ ಜಾಗದಲ್ಲಿ ಸೂರ್ಯನಂಥ ಒಂದು ನಕ್ಷತ್ರವನ್ನೂ ಚಂದ್ರನ ಜಾಗದಲ್ಲಿ ಹತ್ತು ಲಕ್ಷ ಸೂರ್ಯರ ತೂಕದ ಕಪ್ಪುಕುಳಿಯನ್ನೂ ಇಡಿ. ನಕ್ಷತ್ರವೆಂದರೆ ಸ್ವಂತ ಗುರುತ್ವದ ಹಿಡಿತದಲ್ಲಿ ಉಂಡೆಯಾಗಿ ನಿಂತ ಬಿಸಿ ಅನಿಲ. ಅದು ಕಪ್ಪುಕುಳಿಯಿಂದ ಸುಮಾರು ಏಳು ಕೋಟಿ ಕಿಲೋಮೀಟರ್ ಹತ್ತಿರಕ್ಕೆ ಬಂದಾಗ ಎರಡು ಬದಿಗಳ ನಡುವಿನ ತಾರತಮ್ಯ ಆ ಹಿಡಿತವನ್ನು ಮೀರುತ್ತದೆ. ಮುಂಬದಿ ಮುಂದಕ್ಕೆ ಓಡುತ್ತದೆ, ಹಿಂಬದಿ ಹಿಂದುಳಿಯುತ್ತದೆ, ಅಡ್ಡಡ್ಡವಾಗಿ ಹಿಸುಕಿದಂತಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಇಟಲಿಯ ಸ್ಪಾಗೆಟಿಯ ಹೆಸರಿಟ್ಟಿದ್ದಾರೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಉತ್ತರ ಕರ್ನಾಟಕದ ಶಾವಿಗೆ ಮಣೆ ಸಾಕು. ಒರಳಿನಲ್ಲಿ ಒತ್ತಿದ ಶಾವಿಗೆಯಲ್ಲ; ಹಿಟ್ಟಿನ ಉಂಡೆಯನ್ನು ಹೊಸೆಯುತ್ತ, ಜಗ್ಗುತ್ತ, ಎಳೆಯನ್ನು ಸಣ್ಣಗೆ ಉದ್ದ ಮಾಡುತ್ತಾರಲ್ಲ, ಆ ಶಾವಿಗೆ. ಉಂಡೆ ಎಷ್ಟು ಉದ್ದವಾಗುತ್ತದೋ ಅಷ್ಟೇ ತೆಳ್ಳಗಾಗುತ್ತದೆ.

ಈ ಏಳು ಕೋಟಿಯ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. ಅದೇ ಕಪ್ಪುಕುಳಿಯ ಹೊಸ್ತಿಲು, ಅಂದರೆ ದಾಟಿದರೆ ಬೆಳಕೂ ಮರಳದ ಗಡಿ, ಕೇವಲ 30 ಲಕ್ಷ ಕಿಲೋಮೀಟರಿನಲ್ಲಿದೆ. ಸೀಳುವ ಜಾಗ ಹೊಸ್ತಿಲಿನಿಂದ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಹೊರಗೆ, ಬಯಲಿನಲ್ಲೇ ಇದೆ. ಆದ್ದರಿಂದಲೇ ನಮಗೆ ಏನಾದರೂ ಕಾಣುತ್ತದೆ.

ಕಪ್ಪುಕುಳಿ ದೊಡ್ಡದಾದಷ್ಟೂ ಸೀಳುವ ಗಡಿ ನಿಧಾನವಾಗಿ, ತೂಕದ ಘನಮೂಲದಂತೆ ಹೊರಗೆ ಸರಿಯುತ್ತದೆ. ಹೊಸ್ತಿಲು ಮಾತ್ರ ತೂಕದಷ್ಟೇ ವೇಗವಾಗಿ ಹಿಗ್ಗುತ್ತದೆ. ಹತ್ತು ಕೋಟಿ ಸೂರ್ಯರ ತೂಕದ ಹೊತ್ತಿಗೆ ಎರಡೂ ಒಂದನ್ನೊಂದು ಮುಟ್ಟುತ್ತವೆ. ಅದಕ್ಕಿಂತ ದೊಡ್ಡ ಕುಳಿಗೆ ಸೂರ್ಯನಂಥ ನಕ್ಷತ್ರ ಬಿದ್ದರೆ ಸೀಳುವ ಮುನ್ನವೇ ಹೊಸ್ತಿಲು ದಾಟಿರುತ್ತದೆ; ಹೊರಗೆ ಸದ್ದಿಲ್ಲ, ಸುದ್ದಿಯಿಲ್ಲ. ಎಂ87 ಗ್ಯಾಲಕ್ಸಿಯ ನಡುವಿನ 650 ಕೋಟಿ ಸೂರ್ಯರ ತೂಕದ ದೈತ್ಯ ಈ ಜಾತಿಯದು. 'ನುಂಗಿತು' ಎಂಬ ಮಾತು ನಿಜಕ್ಕೂ ಒಪ್ಪುವುದು ಅಲ್ಲಿಗೆ. ಪತ್ರಿಕೆಗೆ ತಲೆಬರಹ ಸಿಗದ ಜಾಗವೂ ಅದೇ.

1975ರಲ್ಲಿ ಜ್ಯಾಕ್ ಹಿಲ್ಸ್ ಎಂಬ ವಿಜ್ಞಾನಿ, ಕಪ್ಪುಕುಳಿಗಳು ನಕ್ಷತ್ರಗಳನ್ನು ಸೀಳಿ ತಿಂದೇ ಕೆಲವು ಗ್ಯಾಲಕ್ಸಿಗಳ ನಡುಭಾಗ ಉರಿಯುತ್ತಿರಬಹುದೇ ಎಂದು ಲೆಕ್ಕ ಹಾಕಿದರು. ಮೇಲೆ ಹೇಳಿದ ಹತ್ತು ಕೋಟಿ ಸೂರ್ಯರ ಮಿತಿಗೆ ಇಂದಿಗೂ ಅವರದೇ ಹೆಸರು. 1988ರಲ್ಲಿ ಕೇಂಬ್ರಿಜ್‌ನ ಮಾರ್ಟಿನ್ ರೀಸ್ ಸೀಳಿದ ಮೇಲೆ ಏನಾಗುತ್ತದೆ ಎಂಬುದನ್ನು ಬಿಡಿಸಿಟ್ಟರು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗ ಇದು: ಸೀಳಿದ ನಕ್ಷತ್ರದ ಸರಿಸುಮಾರು ಅರ್ಧ ಮಾತ್ರ ಕಪ್ಪುಕುಳಿಯ ಹಿಡಿತಕ್ಕೆ ಸಿಗುತ್ತದೆ. ಉಳಿದರ್ಧ ವೇಗ ಪಡೆದು ಆಚೆ ಸಿಡಿದುಹೋಗುತ್ತದೆ, ಮತ್ತೆಂದೂ ತಿರುಗಿ ಬರುವುದಿಲ್ಲ. ಭೀಮ ಜರಾಸಂಧನನ್ನು ಸೀಳಿ ಹೋಳುಗಳನ್ನು ದಿಕ್ಕು ಬದಲಿಸಿ ಎಸೆದ ಪ್ರಸಂಗ ಯಕ್ಷಗಾನ ನೋಡಿದವರಿಗೆಲ್ಲ ಗೊತ್ತು. ರಾಹುವಿಗಿಂತ ಆ ಕತೆಯೇ ಇಲ್ಲಿ ಹೆಚ್ಚು ಹೊಂದುತ್ತದೆ.

ಹಿಡಿತಕ್ಕೆ ಸಿಕ್ಕ ಅರ್ಧ ಉದ್ದನೆಯ ಎಳೆಯಾಗಿ ಸುತ್ತಿ ಬರುತ್ತದೆ. ಅದರ ಮೊದಲ ತುದಿ ಮರಳಲು, ಹತ್ತು ಲಕ್ಷ ಸೂರ್ಯರ ಕುಳಿಯಾದರೆ, ಹೆಚ್ಚುಕಡಿಮೆ ನಲವತ್ತು ದಿನ ಬೇಕು. ಬಂದ ಎಳೆ ತನ್ನ ಹಿಂದಿನ ಎಳೆಗೇ ಡಿಕ್ಕಿ ಹೊಡೆಯುತ್ತದೆ, ಕಾಯುತ್ತದೆ, ಕ್ರಮೇಣ ಕುಳಿಯ ಸುತ್ತ ತಟ್ಟೆಯಾಗಿ ಹರಡುತ್ತದೆ. ಈ ಗಲಾಟೆಯ ಬೆಳಕೇ ಕೋಟ್ಯಂತರ ಜ್ಯೋತಿರ್ವರ್ಷ ದಾಟಿ ನಮ್ಮನ್ನು ಮುಟ್ಟುವುದು. ಅದರಲ್ಲಿ ಎಳೆಗಳ ಡಿಕ್ಕಿಯ ಪಾಲೆಷ್ಟು, ತಟ್ಟೆಯ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಅವಶೇಷ ಮರಳುವ ಪ್ರಮಾಣ ಮಾತ್ರ ಒಂದು ಲೆಕ್ಕಕ್ಕೆ ಬದ್ಧ: ಕಳೆದ ಕಾಲ ಎಂಟು ಪಟ್ಟಾದರೆ ಬೀಳುವ ಅನಿಲ ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಲವು ಉಬ್ಬರಸೀಳುಗಳ ಬೆಳಕು ಕುಂದುವ ಗೆರೆ ಇದಕ್ಕೆ ಹತ್ತಿರವಾಗಿಯೇ ಇಳಿಯುತ್ತದೆ.

ಇದನ್ನು ನೋಡುವುದು ಹೇಗೆ? ಮೊದಲು ಒಂದು ಮಾತು: ಸೀಳಿಹೋದ ನಕ್ಷತ್ರವನ್ನು ಯಾರೂ ನೋಡಿಲ್ಲ. ಸುದ್ದಿಯ ಜೊತೆ ಬರುವ ಕಿತ್ತಳೆ ಬಣ್ಣದ ಸುರುಳಿಗಳು ಕಲಾವಿದರ ಕಲ್ಪನೆ. ದೂರದರ್ಶಕದಲ್ಲಿ ಕಾಣುವುದು ಮಸುಕಾದ ಗ್ಯಾಲಕ್ಸಿಯೊಂದರ ನಡುವೆ ಹೆಚ್ಚಾದ ಒಂದು ಚುಕ್ಕೆ ಬೆಳಕು. ಒಂದು ಗ್ಯಾಲಕ್ಸಿಯಲ್ಲಿ ಇಂಥದ್ದು ನಡೆಯುವುದು ಹತ್ತು ಸಾವಿರದಿಂದ ಲಕ್ಷ ವರ್ಷಕ್ಕೊಮ್ಮೆ, ಆದ್ದರಿಂದ ಒಂದನ್ನೇ ದಿಟ್ಟಿಸುತ್ತ ಕೂತರೆ ಪ್ರಯೋಜನವಿಲ್ಲ. ಲಕ್ಷಾಂತರ ಗ್ಯಾಲಕ್ಸಿಗಳನ್ನು ಒಟ್ಟಿಗೆ ಕಾಯಬೇಕು. 1990ರ ದಶಕದಲ್ಲಿ ಜರ್ಮನಿ ಮುಂದಾಳತ್ವದ ರೋಸ್ಯಾಟ್ ಉಪಗ್ರಹದ ಎಕ್ಸ್-ಕಿರಣ ಸಮೀಕ್ಷೆಯಲ್ಲಿ ಮೊದಲ ಸುಳಿವುಗಳು ಸಿಕ್ಕವು. ಈಗ ಈ ಕಾವಲನ್ನು ನೆಲದ ಮೇಲಿನ ಸ್ವಯಂಚಾಲಿತ ದೂರದರ್ಶಕಗಳು ವಹಿಸಿಕೊಂಡಿವೆ. ಕ್ಯಾಲಿಫೋರ್ನಿಯಾದ ಪಾಲೋಮರ್ ಬೆಟ್ಟದ ಜ್ವಿಕಿ ಸಮೀಕ್ಷೆ ಅವುಗಳಲ್ಲಿ ಮುಖ್ಯವಾದದ್ದು. ಅದನ್ನು ಕಟ್ಟಿ ಮುನ್ನಡೆಸಿದವರು ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ. ಅದರ ಕ್ಯಾಮೆರಾ ಒಂದೇ ಏಟಿಗೆ 47 ಚದರ ಡಿಗ್ರಿ ಆಕಾಶವನ್ನು ಹಿಡಿಯುತ್ತದೆ. ಹುಣ್ಣಿಮೆಯ ಚಂದ್ರನಂಥ ಇನ್ನೂರಕ್ಕೂ ಹೆಚ್ಚು ತಟ್ಟೆಗಳನ್ನು ಅಲ್ಲಿ ಜೋಡಿಸಬಹುದು. ಇಂದಿನ ಚಿತ್ರದಿಂದ ಹಳೆಯ ಚಿತ್ರವನ್ನು ಕಂಪ್ಯೂಟರ್ ಕಳೆಯುತ್ತದೆ. ಭಾನುವಾರದ ಪುರವಣಿಯ 'ವ್ಯತ್ಯಾಸ ಗುರುತಿಸಿ' ಆಟವೇ ಇದು, ಚುಕ್ಕೆಗಳು ಮಾತ್ರ ಲಕ್ಷಗಟ್ಟಲೆ.

ವ್ಯತ್ಯಾಸ ಸಿಕ್ಕ ಕೂಡಲೇ ಉಬ್ಬರಸೀಳು ಎನ್ನುವಂತಿಲ್ಲ. ದೂರದ ಗ್ಯಾಲಕ್ಸಿಗಳಲ್ಲಿ ಹೊಸದಾಗಿ ಬೆಳಗುವವುಗಳಲ್ಲಿ ಬಹುಪಾಲು ಸೂಪರ್‌ನೋವಾಗಳು, ಅಂದರೆ ಸಿಡಿದು ಸಾಯುವ ನಕ್ಷತ್ರಗಳು. ಬೇರ್ಪಡಿಸಲು ಮೂರು ಒರೆಗಲ್ಲುಗಳಿವೆ. ಬೆಳಕು ಗ್ಯಾಲಕ್ಸಿಯ ನಟ್ಟನಡುವೆ ಇದೆಯೇ? ತಿಂಗಳುಗಟ್ಟಲೆ ಹತ್ತು ಸಾವಿರ ಡಿಗ್ರಿಗೂ ಮೇಲಿನ ಕಾವಿನಲ್ಲಿ ನೀಲಿಯಾಗಿಯೇ ಉಳಿದಿದೆಯೇ? ಸೂಪರ್‌ನೋವಾ ಆದರೆ ಆರುತ್ತ ಕೆಂಪಗಾಗುತ್ತದೆ. ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಯಲ್ಲಿ, ಹೈಡ್ರೋಜನ್, ಹೀಲಿಯಂ ಗೆರೆಗಳು ಅಗಲವಾಗಿ ಹರಡಿವೆಯೇ? ಅಗಲ ಹೆಚ್ಚಿದಷ್ಟೂ ಅನಿಲದ ವೇಗ ಹೆಚ್ಚು.

ಈ ಮೂರನ್ನೂ ದಾಟಿದ ಒಂದನ್ನು ಹತ್ತಿರದಿಂದ ನೋಡೋಣ. ಅದರ ಹೆಸರು ಎಟಿ2019ಕ್ಯೂಐಜೆಡ್. ವಾಹನದ ನಂಬರ್ ಪ್ಲೇಟಿನಂತೆ ಕಾಣುವ ಈ ಹೆಸರಿನಲ್ಲಿ ವರ್ಷ ಮತ್ತು ಸರದಿಯ ಅಕ್ಷರಗಳಷ್ಟೇ ಇವೆ. 2019ರ ಸೆಪ್ಟೆಂಬರಿನಲ್ಲಿ, ಸುಮಾರು 21 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರಲ್ಲಿ ಇದು ಬೆಳಗತೊಡಗಿತು. ಈ ವಿದ್ಯಮಾನದ ಮಟ್ಟಿಗೆ ಇದು ಪಕ್ಕದ ಮನೆ. ಬೆಳಗಲು ತೊಡಗಿದಾಗಲೇ ಸಿಕ್ಕಿದ್ದರಿಂದ ಮ್ಯಾಟ್ ನಿಕಲ್ ಮತ್ತು ಸಂಗಡಿಗರು ಆರು ತಿಂಗಳು ಬೆನ್ನುಬಿಡದೆ ಗಮನಿಸಿದರು. ಸೆಕೆಂಡಿಗೆ ಹತ್ತು ಸಾವಿರ ಕಿಲೋಮೀಟರ್‌ವರೆಗಿನ ವೇಗದಲ್ಲಿ ಹೊರನುಗ್ಗುವ ಅನಿಲ ಕಂಡಿತು. ಅದೇ ಅನಿಲ ಪರದೆಯಾಗಿ ಒಳಗಿನ ಕಾವನ್ನು ಮುಚ್ಚಿಕೊಳ್ಳುವುದನ್ನೂ ಮೊದಲಿನಿಂದ ನೋಡಲು ಸಾಧ್ಯವಾಯಿತು. ಸೀಳಿದ್ದು ಹೆಚ್ಚುಕಡಿಮೆ ನಮ್ಮ ಸೂರ್ಯನಷ್ಟೇ ತೂಕದ ನಕ್ಷತ್ರ. ಅದರ ಅರ್ಧದಷ್ಟು ಕುಳಿಗೆ ಹೋಯಿತು ಎಂದು ಲೆಕ್ಕ ಹೇಳಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ನಾಲ್ಕು ವರ್ಷಗಳ ಬಳಿಕ, ಆರುತ್ತಿದ್ದ ಒಲೆಯಲ್ಲಿ ಏನಿದೆ ನೋಡೋಣ ಎಂದು ನಾಸಾದ 'ಚಂದ್ರ' ಎಂಬ ಎಕ್ಸ್-ಕಿರಣ ದೂರದರ್ಶಕ ಉಪಗ್ರಹವನ್ನು ಅತ್ತ ತಿರುಗಿಸಿದರು. ಕೆಲವು ಗಂಟೆಗಳ ಅಂತರದಲ್ಲಿ ಮೂರು ಬಾರಿ ನೋಡಿದಾಗ ಮೊದಲನೆಯದೂ ಕೊನೆಯದೂ ಮಂಕು, ನಡುವಿನದು ಮಾತ್ರ ಪ್ರಖರ. ಪಟ್ಟು ಹಿಡಿದು ಬೇರೆ ಉಪಗ್ರಹಗಳಿಂದಲೂ ನೋಡಿದಾಗ ಸುಮಾರು 48 ಗಂಟೆಗೊಮ್ಮೆ ಎಕ್ಸ್-ಕಿರಣ ಭುಗಿಲೇಳುವುದು ಖಚಿತವಾಯಿತು. ಹಾಗೆ ನೋಡಿದವುಗಳಲ್ಲಿ ಭಾರತದ ಆಸ್ಟ್ರೋಸ್ಯಾಟ್ ಕೂಡ ಒಂದು. 2015ರ ಸೆಪ್ಟೆಂಬರ್ 28ರಂದು ಹಾರಿದ, ಬೆಂಗಳೂರಿನಿಂದ ನಿಯಂತ್ರಿಸುವ ಉಪಗ್ರಹ ಅದು. ಅದರ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ. ನಿಕಲ್ ತಂಡ 2024ರಲ್ಲಿ ಕೊಟ್ಟ ವಿವರಣೆ ಇದು: ಸೀಳಿದ ನಕ್ಷತ್ರದ ಅನಿಲ ತಟ್ಟೆಯಾಗಿ ಅಗಲಕ್ಕೆ ಹರಡಿದೆ; ಮೊದಲಿನಿಂದಲೂ ಕುಳಿಯನ್ನು ಸುತ್ತುತ್ತಿದ್ದ ಇನ್ನೊಂದು ಕಾಯ, ಬಹುಶಃ ಮತ್ತೊಂದು ನಕ್ಷತ್ರ, ಈಗ ಆ ತಟ್ಟೆಯನ್ನು ತೂರಿ ಹೋಗುವಾಗಲೆಲ್ಲ ಅನಿಲ ಸಿಡಿದು ಹೊಳೆಯುತ್ತದೆ. ಸತ್ತ ನಕ್ಷತ್ರದ ಬೂದಿಯಲ್ಲಿ ನೆರೆಮನೆಯವನ ಹೆಜ್ಜೆಗುರುತು ಸಿಕ್ಕಿದ ಹಾಗೆ.

ಎಲ್ಲವೂ ಹೀಗೇ ನಡೆಯಬೇಕೆಂದಿಲ್ಲ. ಎಎಸ್‌ಎಎಸ್‌ಎಸ್‌ಎನ್-14ಕೆಒ ಎಂಬಲ್ಲಿ ಸುಮಾರು 114 ದಿನಕ್ಕೊಮ್ಮೆ ಬೆಳಕು ಏರುತ್ತದೆ. ಅಲ್ಲಿ ನಕ್ಷತ್ರ ಪೂರ್ತಿ ಸೀಳಿಲ್ಲ, ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಹೊರಮೈ ಕಳೆದುಕೊಳ್ಳುತ್ತಿದೆ ಎಂಬುದು ಒಂದು ವಿವರಣೆ. ಎಎಸ್‌ಎಎಸ್‌ಎಸ್‌ಎನ್-14ಎಲ್‌ಐ ಎಂಬುದರಲ್ಲಿ 131 ಸೆಕೆಂಡಿಗೊಮ್ಮೆ ಮಿಡಿಯುವ ಎಕ್ಸ್-ಕಿರಣವನ್ನು ಧೀರಜ್ ಪಾಶಂ ಮತ್ತು ಸಂಗಡಿಗರು ಗುರುತಿಸಿ, ಅದರಿಂದ ಕಪ್ಪುಕುಳಿ ಎಷ್ಟು ಬಿರುಸಾಗಿ ಗಿರಕಿ ಹೊಡೆಯುತ್ತಿದೆ ಎಂದು ಅಂದಾಜಿಸಿದರು. ಇನ್ನು ಬೆರಳೆಣಿಕೆಯಷ್ಟರಲ್ಲಿ, ಬಿದ್ದ ಅನಿಲದ ಒಂದು ಪಾಲು ಬೆಳಕಿನ ವೇಗಕ್ಕೆ ಹತ್ತಿರದ ಚಿಲುಮೆಯಾಗಿ ಹೊರಚಿಮ್ಮುತ್ತದೆ. 2022ರ ಫೆಬ್ರವರಿಯಲ್ಲಿ ಕಂಡ ಎಟಿ2022ಸಿಎಂಸಿ ಅಂಥದ್ದು. ಬೆಳಕು 850 ಕೋಟಿ ವರ್ಷ ಪ್ರಯಾಣಿಸಿ ಬಂದಿತ್ತು; ಚಿಲುಮೆಯ ಮುಖ ನೇರ ನಮ್ಮತ್ತ ಇದ್ದುದರಿಂದ ಅಷ್ಟು ದೂರದಿಂದಲೂ ಕಂಡಿತು. ಲಡಾಖಿನ ಹಾನ್ಲೆಯ ಪುಟ್ಟ ದೂರದರ್ಶಕವೊಂದು ಅದನ್ನು ಹಿಂಬಾಲಿಸಿದವುಗಳಲ್ಲಿ ಇತ್ತು.

ನಮ್ಮ ಕ್ಷೀರಪಥದ ನಡುವೆಯೂ 43 ಲಕ್ಷ ಸೂರ್ಯರ ತೂಕದ ಕುಳಿಯಿದೆ ಎಂದೊಡನೆ ಕೆಲವರಿಗೆ ದಿಗಿಲು. ಅಲ್ಲಿ ಸೂರ್ಯನಂಥ ನಕ್ಷತ್ರವನ್ನು ಸೀಳುವ ಗಡಿ ಸುಮಾರು 11 ಕೋಟಿ ಕಿಲೋಮೀಟರ್. ಆ ಕುಳಿಯನ್ನು 16 ವರ್ಷಕ್ಕೊಮ್ಮೆ ಸುತ್ತುವ ಪ್ರಸಿದ್ಧ ನಕ್ಷತ್ರ ಎಸ್2, 2018ರಲ್ಲಿ ಅತಿ ಹತ್ತಿರ ಬಂದಾಗಲೂ ಸುಮಾರು 1,800 ಕೋಟಿ ಕಿಲೋಮೀಟರ್ ದೂರದಲ್ಲೇ ಹಾದುಹೋಯಿತು. ಸೂರ್ಯನಂತೂ ಆ ಊರಿನ ಹತ್ತಿರವೂ ಇಲ್ಲ.

ಗ್ಯಾಲಕ್ಸಿಯ ನಟ್ಟನಡುವೆ ಇರಬೇಕು ಎಂಬ ಒರೆಗಲ್ಲನ್ನು ಮೇಲೆ ಹೇಳಿದೆನಲ್ಲ, ಅದಕ್ಕೂ ಈಗ ಒಂದು ಅಪವಾದ ಸಿಕ್ಕಿದೆ. 2024ರಲ್ಲಿ ಜ್ವಿಕಿ ಸಮೀಕ್ಷೆಗೆ ಸಿಕ್ಕ ಎಟಿ2024ಟಿವಿಡಿ, 60 ಕೋಟಿ ಜ್ಯೋತಿರ್ವರ್ಷ ಆಚೆಯದು. ಉಳಿದೆಲ್ಲ ಲಕ್ಷಣಗಳು ಉಬ್ಬರಸೀಳಿನವೇ, ಆದರೆ ಹಬಲ್ ದೂರದರ್ಶಕದಿಂದ ನೋಡಿದಾಗ ಬೆಳಕಿನ ಚುಕ್ಕೆ ನಡುವಿನಿಂದ 2,600 ಜ್ಯೋತಿರ್ವರ್ಷ ಪಕ್ಕಕ್ಕೆ ಇತ್ತು. ನಡುವಿನಲ್ಲಿ ಕೂತಿರುವುದು ಹತ್ತು ಕೋಟಿ ಸೂರ್ಯರ ತೂಕದ ಯಜಮಾನ. ನಕ್ಷತ್ರವನ್ನು ಸೀಳಿದ್ದು ಅದಲ್ಲ, ಸುಮಾರು ಹತ್ತು ಲಕ್ಷ ಸೂರ್ಯರ ತೂಕದ ಇನ್ನೊಂದು ಅಲೆಮಾರಿ ಕುಳಿ. ಆ ನಕ್ಷತ್ರ ದಾರಿ ತಪ್ಪಿ ಅದರ ಬಳಿ ಬರುವವರೆಗೂ ಅಲ್ಲೊಂದು ಕುಳಿಯಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.