ನೂರರವರೆಗೆ ಹೇಳುವ ಮಗುವಿಗೆ ಐದು ಎಂದರೆ ಎಷ್ಟು?

"ನಮ್ಮ ಮಗಳು ನೂರರವರೆಗೆ ಹೇಳುತ್ತಾಳೆ, ಆದರೆ ಕೂಡಿಸಲು ಬರುವುದಿಲ್ಲ" ಎನ್ನುವ ತಾಯಂದಿರು ಬಂದಾಗ ಮೇಜಿನ ಮೇಲೆ ಒಂದು ಹಿಡಿ ಹುಣಸೆಬೀಜ ಹರಡುತ್ತೇನೆ. "ಐದು ಕೊಡು ಪುಟ್ಟಿ" ಎಂದರೆ ಕೆಲವು ಮಕ್ಕಳು ಕೈಗೆ ಸಿಕ್ಕಷ್ಟನ್ನು ಬಾಚಿ ಕೊಡುತ್ತಾರೆ. ಅದೇ ಮಗು ಸಾಲಾಗಿಟ್ಟ ಏಳು ಬೀಜಗಳನ್ನು ಬೆರಳಿಟ್ಟು ಸರಿಯಾಗಿಯೇ ಎಣಿಸುತ್ತದೆ. "ಹಾಗಾದರೆ ಎಷ್ಟಿವೆ?" ಎಂದು ಕೇಳಿದರೆ ಮತ್ತೆ ಒಂದರಿಂದ ಶುರು. ಕೊನೆಗೆ ಹೇಳಿದ "ಏಳು" ಇಡೀ ಗುಂಪಿನ ಲೆಕ್ಕ ಎಂಬುದು ಅದಕ್ಕಿನ್ನೂ ಹೊಳೆದಿಲ್ಲ.

ಸಾಮಾನ್ಯವಾಗಿ ಇದು ಹೊಳೆಯುವುದು ಮೂರೂವರೆಯಿಂದ ನಾಲ್ಕೂವರೆ ವರ್ಷದ ನಡುವೆ. ಅದಕ್ಕೂ ಮುಂಚೆ ಮಗು ಒಂದನ್ನು, ಕೆಲವು ತಿಂಗಳ ಬಳಿಕ ಎರಡನ್ನು, ಆಮೇಲೆ ಮೂರನ್ನು ತಪ್ಪದೆ ಕೊಡಲು ಕಲಿತಿರುತ್ತದೆ. ಬಾಯಿಪಾಠದಿಂದ ಈ ಮೆಟ್ಟಿಲುಗಳನ್ನು ಹಾರಿಸಲಾಗದು. ಎಲ್‌ಕೆಜಿ ಮಕ್ಕಳಿಂದ ಪುಟಗಟ್ಟಲೆ ಅಂಕಿ ಬರೆಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೆರಳು ಮಡಿಸಿ ಎಣಿಸಿದರೆ ಗದರುವುದಂತೂ ಶುದ್ಧ ತಪ್ಪು; ಆ ವಯಸ್ಸಿಗೆ ಬೆರಳೇ ಆಸರೆ.

ಚೌಕಾಬಾರ ಆಡಿಸಿ. ನಾಲ್ಕು ಕವಡೆಗಳಲ್ಲಿ ಮೂರು ಅಂಗಾತ ಬಿದ್ದದ್ದನ್ನು ಮಗು ಎಣಿಸದೆ ನೋಟದಲ್ಲೇ ಹಿಡಿಯುತ್ತದೆ, ಕಾಯಿಯನ್ನು ಮೂರು ಮನೆ ನಡೆಸುತ್ತದೆ. ಅಳಗುಳಿಮಣೆಯಲ್ಲಿ ಗುಳಿಗೊಂದು ಕಾಳು ಹಾಕುವಾಗ ಒಂದಕ್ಕೊಂದು ಹೊಂದಿಸುವುದು ತಾನಾಗಿ ರೂಢಿಯಾಗುತ್ತದೆ.

ಇಷ್ಟಾದರೂ ಕೆಲವರಿಗೆ ಲೆಕ್ಕ ಕೈಗೆ ಹತ್ತುವುದಿಲ್ಲ. ಕಣ್ಣು, ಕಿವಿಯ ತೊಂದರೆ ಇರಬಹುದು. ಮನೆಯಲ್ಲಿ "ಹದಿಮೂರು" ಎಂದು ಕೇಳಿದ್ದನ್ನು ಶಾಲೆಯಲ್ಲಿ "ಥರ್ಟೀನ್" ಎಂದು ಹೊಸದಾಗಿ ಕಲಿಯುವ ಭಾರವಿರಬಹುದು. ಪೆಟ್ಟು, ಬೈಗುಳದ ಭಯವಿರಬಹುದು. ಮೊದಲು ಇವನ್ನು ನೋಡಬೇಕು. ಇವೆಲ್ಲ ಸರಿಯಿದ್ದೂ ಎಂಟು ವರ್ಷದ ಮಗು 3+4ಕ್ಕೆ ಪ್ರತಿಸಲ ಒಂದರಿಂದಲೇ ಎಣಿಸಿದರೆ, 6 ದೊಡ್ಡದೋ 8 ದೊಡ್ಡದೋ ಎಂದು ತಡವರಿಸಿದರೆ, ನೂರ ಐದನ್ನು 1005 ಎಂದೇ ಬರೆಯುತ್ತಿದ್ದರೆ ಡಿಸ್ಕ್ಯಾಲ್ಕ್ಯುಲಿಯಾ, ಅಂದರೆ ಸಂಖ್ಯೆ-ಲೆಕ್ಕ ಕಲಿಯುವುದರಲ್ಲೇ ಇರುವ ತೊಡಕು, ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ನೂರು ಮಕ್ಕಳಲ್ಲಿ ಸುಮಾರು 3ರಿಂದ 7 ಮಂದಿಗೆ ಇದು ಇರುತ್ತದೆ ಎಂಬ ಅಂದಾಜಿದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ; ಇಂಥ ಮಗು ಕಥೆಯನ್ನು ಸೊಗಸಾಗಿ ಹೇಳಬಲ್ಲದು, ಓದಬಲ್ಲದು. ಮಗ್ಗಿ ಹೇರುವುದರಿಂದ ಪ್ರಯೋಜನವಿಲ್ಲ. ಬೀಜ, ಕಡ್ಡಿಕಟ್ಟುಗಳಿಂದ ಹತ್ತರ ಗುಂಪು ಮಾಡಿಸುತ್ತ ನಿಧಾನವಾಗಿ ಅಂಕಿಗೆ ಬರಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ನಿರ್ದಿಷ್ಟ ಕಲಿಕಾ ನ್ಯೂನತೆಗಳಲ್ಲಿ ಸೇರಿಸಿದೆ. ಮೂರನೇ ತರಗತಿಯ ಹೊತ್ತಿಗೂ ಅನುಮಾನ ಉಳಿದಿದ್ದರೆ ಶಾಲೆಯವರ ಬಳಿ ಮಾತನಾಡಿ, ತಜ್ಞರಿಂದ ಮಗುವಿನ ಮೌಲ್ಯಮಾಪನ ಮಾಡಿಸಿ.